ನರಗುಂದ: ನೆಲದ ಲೆಕ್ಕ, ತಲೆಯ ಲೆಕ್ಕ

29 ಡಿಸೆಂಬರ್ 2025, ಸೋಮವಾರ
ನರಗುಂದ

ಎಳ್ಳಮವಾಸ್ಯೆಗೆ ಹೊಲದಲ್ಲಿ ಎಡೆಯ ಚರಗ ಚೆಲ್ಲಿ ಹತ್ತು ದಿನವಾಯಿತು. ಎರೆ (ಕಪ್ಪುಮಣ್ಣಿನ) ಹೊಲದಲ್ಲಿ ಕಡಲೆ ಕಾಯಿ ಕಟ್ಟುವ, ಬಿಳಿಜೋಳ ತೆನೆ ಹಾಯುವ ಹೊತ್ತು. ಇನ್ನೆರಡು ದಿನಕ್ಕೆ, ಡಿಸೆಂಬರ್ 31ಕ್ಕೆ, ಊರಿನ ಗಡಿ ಜನಗಣತಿಯ ಮಟ್ಟಿಗೆ ಬಿಗಿಯಾಗುತ್ತದೆ. ಆಮೇಲೆ 2027ರ ಮಾರ್ಚ್ 31ರವರೆಗೆ ಜಿಲ್ಲೆ, ತಾಲ್ಲೂಕು, ಪುರಸಭೆ, ಹಳ್ಳಿ ಯಾವುದರ ಸೀಮೆಯೂ ಎಣಿಕೆಗೆ ಬದಲಾಗುವುದಿಲ್ಲ. ಹಾಗಾಗಿ ಇವತ್ತಿನ ಪುಟದಲ್ಲಿ ಊರಿನ ನೆಲ ಮತ್ತು ಜನ ಎರಡನ್ನೂ ಸೇರಿಸಿಯೇ ಬರೆದಿಡುತ್ತಿದ್ದೇನೆ. ಇಲ್ಲಿ ಒಂದನ್ನು ಬಿಟ್ಟು ಇನ್ನೊಂದು ಅರ್ಥವಾಗುವುದಿಲ್ಲ.

ಹುಬ್ಬಳ್ಳಿಯಿಂದ ವಿಜಯಪುರದ ದಾರಿ ಹಿಡಿದರೆ ನವಲಗುಂದ ದಾಟಿದ ಮೇಲೆ ಎರಡೂ ಬದಿಗೆ ಬರೀ ಕಪ್ಪು ನೆಲ. ಸುಮಾರು 55 ಕಿ.ಮೀ.ಗೆ ಆ ಬಯಲಿನಲ್ಲಿ ಒಂಟಿಯಾಗಿ ಎದ್ದ ಕಲ್ಲುಗುಡ್ಡ, ಅದರ ಬುಡಕ್ಕೆ ಊರು, ಗದಗ ಜಿಲ್ಲೆಯ ನರಗುಂದ. ರೈಲು ಇಲ್ಲ. ತಾಲ್ಲೂಕಿನ ಉತ್ತರದ ಅಂಚಿಗೆ ಮಲಪ್ರಭೆ. ಶಿಗ್ಗಾವಿ ಕಡೆ ಹುಟ್ಟಿ ಕುಂದಗೋಳ, ನವಲಗುಂದ ಸೀಮೆಯನ್ನು ಹಾಯ್ದು ಬರುವ ಬೆಣ್ಣಿಹಳ್ಳವೂ ರೋಣ ತಾಲ್ಲೂಕಿನಲ್ಲಿ ಅದೇ ಹೊಳೆಯನ್ನು ಕೂಡುತ್ತದೆ. ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು, ಅದರಲ್ಲೂ ನಂಬಬಹುದಾದದ್ದು ಸೆಪ್ಟೆಂಬರ್-ಅಕ್ಟೋಬರಿನದು. ಅದಕ್ಕೇ ಇಲ್ಲಿ ಹಿಂಗಾರಿಯೇ ದೊಡ್ಡ ಬೆಳೆ: ಬಿಳಿಜೋಳ, ಕಡಲೆ, ಗೋಧಿ, ಕುಸುಬೆ. ಮುಂಗಾರಿಗೆ ಹೆಸರು, ಗೋವಿನಜೋಳ, ಹತ್ತಿ, ಉಳ್ಳಾಗಡ್ಡಿ.

ಹಳೇ ಊರು ಗುಡ್ಡದ ಬುಡವನ್ನೇ ಯಾಕೆ ಹಿಡಿಯಿತು ಎಂದರೆ ಎಲ್ಲರೂ ಕೋಟೆಯ ಕಡೆ ಕೈ ತೋರಿಸುತ್ತಾರೆ. 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ ಭಾಸ್ಕರರಾವ್ ಭಾವೆಯ, ಅಂದರೆ ಬಾಬಾಸಾಹೇಬನ, ಸಂಸ್ಥಾನ ಇದೇ ಆದ್ದರಿಂದ ಆ ಉತ್ತರ ಸಹಜ. ಆದರೆ ಮಣ್ಣಿನ ಕಾರಣ ಅದಕ್ಕಿಂತ ಹಳೆಯದು. ಗುಡ್ಡದ ಬುಡದಲ್ಲಿ ಮಣ್ಣು ತೆಳು, ಸ್ವಲ್ಪ ಅಗೆದರೆ ಗರಸು, ಅಂದರೆ ಗಟ್ಟಿ ಜಲ್ಲಿಮಣ್ಣು, ಸಿಗುತ್ತದೆ. ದೂರ ಸರಿದಂತೆ ಎರೆ ದಪ್ಪವಾಗುತ್ತ ಹೋಗುತ್ತದೆ. ಮಲಪ್ರಭೆ ಉಕ್ಕಿದಾಗ, 2009ರಲ್ಲಿ, ಮತ್ತೆ 2019ರಲ್ಲಿ, ನೀರು ಹೊಕ್ಕಿದ್ದು ಕೊಣ್ಣೂರಿನಂಥ ಹೊಳೆದಂಡೆಯ ಊರುಗಳಿಗೆ. ಬೆಣ್ಣಿಹಳ್ಳದ ಸ್ವಭಾವ ಬೇರೆ. ಅದರ ಬಯಲು ಬಹುತೇಕ ಸಮತಟ್ಟು. ಎರೆ ಒಮ್ಮೆ ನೆನೆದು ಬಿಗಿದುಕೊಂಡರೆ ಆಮೇಲೆ ನೀರು ಇಂಗಿಸಿಕೊಳ್ಳುವುದಿಲ್ಲ, ಬಿದ್ದದ್ದೆಲ್ಲ ಹಳ್ಳಕ್ಕೇ. ನಿಮ್ಮ ಹೊಲದಲ್ಲಿ ಹನಿ ಬೀಳದಿದ್ದರೂ ಮೇಲಿನ ಸೀಮೆಯ ಮಳೆಗೆ ಹಳ್ಳ ಏರಿಬಿಡುತ್ತದೆ.

ಎರೆಯ ಮೇಲೆ ಮನೆ ಕಟ್ಟುವವರು ತಿಳಿಯಬೇಕಾದದ್ದು ಇಷ್ಟು. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲದ ಬಿರುಕು, ಕೆಲವು ಅಡಿ ಆಳಕ್ಕೆ. ಮನೆ ಕಟ್ಟಿದ ಮೇಲೆ ನಡುಮನೆಯ ಕೆಳಗಿನ ಮಣ್ಣಿನ ಹಸಿ ಅಷ್ಟಾಗಿ ಬದಲಾಗುವುದಿಲ್ಲ, ಗೋಡೆಯ ಹೊರಗಿನ ಮಣ್ಣು ಮಾತ್ರ ಪ್ರತಿ ವರ್ಷ ಉಬ್ಬಿ ಕುಗ್ಗುತ್ತದೆ. ಮೂಲೆಗಳು ಏರಿಳಿಯುತ್ತವೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಗೋಡೆ ಸೀಳುತ್ತದೆ. ಗರಸು ಹತ್ತಿರವಿದ್ದರೆ ಅದು ಸಿಗುವ ತನಕ ಬುನಾದಿ ಇಳಿಸುವುದೇ ಸರಿಯಾದ ದಾರಿ. ಎರೆ ಆಳವಿದ್ದರೆ ತಳದಲ್ಲಿ ಗಡ್ಡೆಯಂತೆ ಅಗಲ ಮಾಡಿದ ಕಾಂಕ್ರೀಟ್ ಕಂಬಗಳನ್ನು ಮೂರು, ಮೂರೂವರೆ ಮೀಟರ್ ಇಳಿಸಿ, ಮೇಲೆ ತೊಲೆ ಕಟ್ಟಬೇಕು. ತೊಲೆಗೂ ಮಣ್ಣಿಗೂ ನಡುವೆ ಉಬ್ಬಲು ಜಾಗ ಬಿಡಬೇಕು. ಅದೂ ಆಗದಿದ್ದರೆ ಎರೆ ತೆಗೆದು ಸುಮಾರು ಒಂದು ಮೀಟರ್ ದಪ್ಪ ಗರಸು ತುಂಬಿ, ಪದರು ಪದರಾಗಿ ಕುಟ್ಟಿ ದಮ್ಮಸು ಮಾಡಬೇಕು. ಮನೆಯ ಸುತ್ತ ಒಂದರಿಂದ ಒಂದೂವರೆ ಮೀಟರ್ ಅಗಲ, ಹೊರಕ್ಕೆ ಇಳಿಜಾರಿನ ಕಾಂಕ್ರೀಟ್ ಪಟ್ಟಿ ಬೇಕೇ ಬೇಕು. ಬಚ್ಚಲ ನೀರನ್ನು ಗೋಡೆಯ ಬುಡಕ್ಕೆ ಬಿಡುವುದು, ಗೋಡೆಗೆ ಹತ್ತಿ ದೊಡ್ಡ ಗಿಡ ಬೆಳೆಸುವುದು, ಬಹಳಷ್ಟು ಬಿರುಕುಗಳಿಗೆ ಈ ಎರಡೇ ಕಾರಣ.

ಇನ್ನು ಊರಿನ ಕೆಳಗಿರುವುದು. ನರಗುಂದವನ್ನು ಇತರ ಊರುಗಳಿಂದ ಬೇರೆ ಮಾಡುವುದು ಇದೇ ಎಂದು ನನಗೆ ಅನಿಸುತ್ತದೆ.

ಕಾಲುವೆ ಬರುವ ಮೊದಲು ಇದು ಒಣ ನೆಲ. ಬರಗಾಲಕ್ಕೆಂದು ಜೋಳವನ್ನು ನೆಲದೊಳಗೇ ಇಡುತ್ತಿದ್ದರು, ಹಗೇವಿನಲ್ಲಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಒಳಗೆ ಹೊಟ್ಟೆ ಅಗಲ, ಹೂಜಿಯ ಆಕಾರ. ಹತ್ತಿಪ್ಪತ್ತು ಚೀಲದ ಸಣ್ಣವೂ ಇದ್ದವು, ನೂರು ಚೀಲ ಮೀರಿ ಹಿಡಿಯುವ ದೊಡ್ಡವೂ ಇದ್ದವು. ತಳಕ್ಕೂ ಸುತ್ತಲಿಗೂ ಒಣ ಹುಲ್ಲು, ಕಣಿಕೆ ಒತ್ತಿ, ಚೆನ್ನಾಗಿ ಒಣಗಿದ ಜೋಳ ಸುರಿದು, ಮೇಲೆ ಮತ್ತೆ ಹುಲ್ಲು ಹಾಸಿ, ಬಂಡೆ ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಕಾಳು ಉಸಿರಾಡುತ್ತ ಒಳಗಿನ ಆಮ್ಲಜನಕವನ್ನು ಮುಗಿಸುತ್ತದೆ, ಹುಳು ಸಾಯುತ್ತದೆ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಬಾಯಿ ತೆರೆದು ದಿನವಿಡೀ ಬಿಟ್ಟು, ಕಂದೀಲು ಇಳಿಬಿಟ್ಟು ನೋಡಿ, ಅದು ಆರದಿದ್ದರೆ ಮಾತ್ರ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುವುದು ಹಿಂದಿನವರ ಕಟ್ಟುನಿಟ್ಟು. ಆ ಪರೀಕ್ಷೆ ಬಿಟ್ಟವರು ಸತ್ತಿದ್ದಾರೆ.

ಹಗೇವು ನಿಲ್ಲುವುದು ನೆಲ ಒಣಗಿದ್ದರೆ ಮಾತ್ರ. 1970ರ ದಶಕದಲ್ಲಿ ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಬಲದಂಡೆ ಕಾಲುವೆ ಈ ಸೀಮೆಗೆ ಬಂತು. ಅಲ್ಲಿಂದ ಮುಂದೆ ನೆಲದ ಗುಣವೇ ಬದಲಾಯಿತು. ನೀರು ಸಿಕ್ಕ ಹೊಲ ಹಸಿರಾಯಿತು. ನೀರು ಹೆಚ್ಚಾಗಿ ನಿಂತಲ್ಲಿ ಸವಳು, ಅಂದರೆ ಮಣ್ಣಿನ ಉಪ್ಪು, ಮೇಲೆದ್ದಿತು. ನೀರೇ ಮುಟ್ಟದವರಿಗೂ ಅಭಿವೃದ್ಧಿ ಕರ ಬಂತು, ಆ ಸಿಟ್ಟು 1980ರ ಜುಲೈ 21ರ ಬಂಡಾಯಕ್ಕೆ ಮುಟ್ಟಿತು. ಅದರ ಗೋಲಿಬಾರಿನಲ್ಲಿ ಸತ್ತ ರೈತರನ್ನು ಇವತ್ತಿಗೂ ಆ ದಿನ ನೆನೆಯುತ್ತಾರೆ. ಅಂತರ್ಜಲ ಮೇಲೆ ಬಂದಂತೆ ಊರೊಳಗಿನ ಹಗೇವುಗಳಲ್ಲಿ ತೇವ ಕಾಣಿಸಿತು, ಕಾಳು ಕೆಟ್ಟಿತು, ಜನ ಅವನ್ನು ಕೈಬಿಟ್ಟರು. ಕೆಲವನ್ನು ತುಂಬಿದರು. ಹಲವನ್ನು ಬಂಡೆ ಮುಚ್ಚಿ ಹಾಗೇ ಬಿಟ್ಟು, ಮೇಲೆ ಫರಸಿ ಹಾಸಿ, ಅಡುಗೆಮನೆ ಮಾಡಿಕೊಂಡರು. ಎರಡು ತಲೆಮಾರು ಕಳೆದ ಮೇಲೆ ಎಲ್ಲಿತ್ತು ಎಂಬ ನೆನಪೂ ಹೋಯಿತು. 2019ರ ದೊಡ್ಡ ಮಳೆಯ ಆಸುಪಾಸಿನ ವರ್ಷಗಳಲ್ಲಿ ನರಗುಂದದ ಮನೆಗಳೊಳಗೇ ನೆಲ ಬಾಯಿ ತೆರೆದ ಸುದ್ದಿ ಮೇಲಿಂದ ಮೇಲೆ ಬಂದದ್ದು ಇದರಿಂದ.

ಓಣಿಗೆ ಹಗೇದಕಟ್ಟಿ ಎಂಬ ಹೆಸರಿದ್ದರೆ ಕೆಳಗೆ ಹಗೇವು ಇವೆ ಎಂದೇ ನಡೆಯಬೇಕು. ಒನಕೆಯಿಂದ ನೆಲ ಕುಟ್ಟಿದಾಗ ಪೊಳ್ಳು ಸದ್ದು, ಫರಸಿಯಲ್ಲಿ ದುಂಡಗಿನ ಬಿರುಕು, ತಟ್ಟೆಯಂತೆ ತಗ್ಗಿದ ಜಾಗ, ಸುರಿದ ನೀರು ಕಣ್ಣೆದುರೇ ಮಾಯವಾಗುವುದು: ಇವು ಗುರುತು. ಇವುಗಳಲ್ಲಿ ಒಂದು ಕಂಡರೂ ಆ ಕೋಣೆ ಖಾಲಿ ಮಾಡಬೇಕು, ಮೊದಲು ಮಲಗುವ ಜಾಗ. ತುಂಬಿಸುವಾಗ ಎಲ್ಲರೂ ಮಾಡುವ ತಪ್ಪು ಎಂದರೆ ಎರೆಮಣ್ಣನ್ನೋ ಮನೆ ಕೆಡವಿದ ಕಸವನ್ನೋ ಒಮ್ಮೆಲೇ ಸುರಿಯುವುದು. ಅದು ಮುಂದಿನ ಮಳೆಗೆ ನೆನೆದು ಕುಸಿದು ಮತ್ತೆ ಪೊಳ್ಳಾಗುತ್ತದೆ. ನೀರಿದ್ದರೆ ಪಂಪಿನಿಂದ ತೆಗೆದು, ಒಣ ಗರಸನ್ನು ಎಂಟೊಂಬತ್ತು ಇಂಚಿನ ಪದರಿನಲ್ಲಿ ಹಾಕಿ, ಪ್ರತಿ ಪದರನ್ನೂ ಉದ್ದ ಹಿಡಿಯ ದಮ್ಮಸಿನಿಂದ ಮೇಲಿನಿಂದಲೇ ಕುಟ್ಟಬೇಕು. ಒಳಗೆ ಇಳಿಯುವ ಕಾರಣವೇ ಇಲ್ಲ. ಬಾಯಿಯ ಮೇಲೆ ಅದಕ್ಕಿಂತ ಅಗಲದ ಕಾಂಕ್ರೀಟ್ ಮುಚ್ಚಳ ಹಾಕಿ ನಿಲ್ಲಿಸಬೇಕು. ಜೊತೆಗೆ ಸೋರುವ ನಲ್ಲಿ ಪೈಪು, ಒಡೆದ ಗಟಾರವನ್ನೂ ಸರಿಮಾಡಬೇಕು. ನೀರು ಬರುವ ದಾರಿ ಹಾಗೇ ಇದ್ದರೆ ಪಕ್ಕದ ಹಗೇವಿನ ಸರದಿ.

ಹಳೇ ಓಣಿಯ ಮೇಲುಮುದ್ದೆ (ಮಣ್ಣಿನ ಮಾಳಿಗೆಯ) ಮನೆಗಳಿಗೆ ಅಪಾಯ ಮೇಲಿನಿಂದಲೂ ಇದೆ. ಜಂತಿಯ ಮೇಲೆ ಹಲಗೆ, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ನೀರು ಬಿಡದ ಸವಳು ಮಣ್ಣಿನ ಲೇಪ. ಪ್ರತಿ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕುತ್ತಾರೆ, ಹಳೆಯದನ್ನು ಕೆರೆದು ತೆಗೆಯುವವರು ಕಡಿಮೆ. ಒಂದು ಅಡಿ ದಪ್ಪದ ಮಣ್ಣು ಚದರ ಮೀಟರಿಗೆ ಸುಮಾರು 500 ಕಿಲೋ. ಹತ್ತಡಿ ಉದ್ದಗಲದ ಕೋಣೆಯ ಮೇಲೆ ನಾಲ್ಕೂವರೆ, ಐದು ಟನ್. ನೆನೆದರೆ ಇನ್ನೂ ಹೆಚ್ಚು. ಗೋಡೆಯೊಳಗೆ ಹುದುಗಿದ ಜಂತಿಯ ತುದಿ ಮೊದಲು ಕೊಳೆಯುತ್ತದೆ, ಅದು ಹೊರಗೆ ಕಾಣುವುದಿಲ್ಲ.

ಈಗ ಜನರ ಲೆಕ್ಕ. ಜನಗಣತಿಯಂತೆ ಊರಿನ ಜನಸಂಖ್ಯೆ 2001ರಲ್ಲಿ 32,548, 2011ರಲ್ಲಿ 36,291. ಹತ್ತು ವರ್ಷಕ್ಕೆ 3,743 ಜನ, ಶೇ 11.5. ಅದೇ ಅವಧಿಯಲ್ಲಿ ಗದಗ ಜಿಲ್ಲೆ 9,71,835ರಿಂದ 10,64,570ಕ್ಕೆ, ಶೇ 9.5ರಷ್ಟು ಬೆಳೆಯಿತು; ರಾಜ್ಯ ಶೇ 15.6. ಅಂದರೆ ಜಿಲ್ಲೆಗಿಂತ ತುಸು ಮುಂದೆ, ರಾಜ್ಯಕ್ಕಿಂತ ಹಿಂದೆ. ಸುತ್ತಲ ಹಳ್ಳಿಯವರು ಶಾಲೆಗೆ, ಆಸ್ಪತ್ರೆಗೆ ಹತ್ತಿರವೆಂದು ಇಲ್ಲಿಗೆ ಬರುತ್ತಾರೆ, ಇಲ್ಲಿಯವರು ಹುಬ್ಬಳ್ಳಿ, ಬೆಂಗಳೂರು, ಗೋವಾಕ್ಕೆ ಹೋಗುತ್ತಾರೆ. ನಡುವೆ ಉಳಿದದ್ದು ಈ ಅಂಕಿ. ಅದೇ ವೇಗ ಹಿಡಿದು 2027ರ ಮಾರ್ಚಿಗೆ ಲೆಕ್ಕ ಹಾಕಿದರೆ ಸುಮಾರು 43 ಸಾವಿರ ಬರುತ್ತದೆ. ವೇಗ ಅರ್ಧಕ್ಕಿಳಿದಿದ್ದರೆ ಮೂವತ್ತೊಂಬತ್ತೂವರೆ ಸಾವಿರ. ಇದು ಬರೀ ಗಣಿತ, ಎಣಿಕೆಯಲ್ಲ. ಎರಡರಲ್ಲಿ ಯಾವುದಾದರೂ ನರಗುಂದ ಪುರಸಭೆಯಾಗಿಯೇ ಉಳಿಯುತ್ತದೆ. ನಮ್ಮ ರಾಜ್ಯದ ಕಾಯ್ದೆಯಲ್ಲಿ ಇಪ್ಪತ್ತು ಸಾವಿರದಿಂದ ಐವತ್ತು ಸಾವಿರದವರೆಗೆ ಪುರಸಭೆ, ಐವತ್ತು ದಾಟಿದರೆ ನಗರಸಭೆ.

ಹಳೇ ಅಂಕಿ ಹುಡುಕುವವರಿಗೆ ಒಂದು ಮಾತು: 1997ರ ತನಕ ಈ ತಾಲ್ಲೂಕು ಧಾರವಾಡ ಜಿಲ್ಲೆಯದು, ಹಾಗಾಗಿ 1991ರ ಪುಸ್ತಕದಲ್ಲಿ ಗದಗ ಜಿಲ್ಲೆ ಸಿಗುವುದಿಲ್ಲ. ಚಿಕ್ಕನರಗುಂದ ಬೇರೆಯೇ ಹಳ್ಳಿ. ಅದರ ಅಂಕಿಯನ್ನು ಇದಕ್ಕೆ ಕೂಡಿಸಬಾರದು. ತಾಲ್ಲೂಕಿನ ಜನಸಂಖ್ಯೆಯನ್ನು ಊರಿನದೆಂದು ಬರೆಯುವ ತಪ್ಪು ಇನ್ನೂ ಸಾಮಾನ್ಯ.

ಗಡಿ ಮುಖ್ಯವಾಗುವುದು ಇಲ್ಲೇ. ಹೊಸ ಮನೆಗಳು ಏಳುತ್ತಿರುವುದು ರಸ್ತೆಬದಿಯ ಎನ್‌ಎ (ಕೃಷಿಯೇತರ) ಪ್ಲಾಟುಗಳಲ್ಲಿ, ಅಂದರೆ ದಪ್ಪ ಎರೆಯ ಮೇಲೆ. ಪ್ಲಾಟು ಪುರಸಭೆಯ ಸೀಮೆಯೊಳಗಿದ್ದರೆ ಅಲ್ಲಿಯ ಜನ ಊರಿನ ಲೆಕ್ಕಕ್ಕೆ. ಒಂದು ಬದು ಆಚೆಗಿದ್ದರೆ ಪಕ್ಕದ ಹಳ್ಳಿಯ ಲೆಕ್ಕಕ್ಕೆ, ಅವರು ದಿನವೂ ನರಗುಂದದ ಪೇಟೆಯಲ್ಲೇ ಸಂತೆ ಮಾಡಿದರೂ. ಊರಿಗೆ ಹತ್ತಿಕೊಂಡೇ ಬೆಳೆದ ಅಂಥ ಬಡಾವಣೆಯನ್ನು ಜನಗಣತಿ ಹೊರಬೆಳವಣಿಗೆ ಎಂದು ಪ್ರತ್ಯೇಕ ತೋರಿಸಬಹುದು, ಆದರೆ ತಾನಾಗಿ ಆಗುವುದಿಲ್ಲ. ಹಳೇ ಊರಿನ ಜಾಗ ಗಾವಠಾಣದ್ದು, ಅಂದರೆ ಮೊದಲಿನ ವಸತಿ ನೆಲ; ಅದಕ್ಕೆ ಸಿಟಿಎಸ್ (ಸಿಟಿ ಸರ್ವೆ) ಉತಾರ, ಅಂದರೆ ಹಕ್ಕಿನ ದಾಖಲೆ; ಹೊರಗಿನದಕ್ಕೆ ರಿ.ಸ. (ರಿವಿಜನ್ ಸರ್ವೆ) ನಂಬರು. ನಿಮ್ಮ ಮನೆ ಯಾವ ಕಡೆ ಬೀಳುತ್ತದೆ ಎಂದು ತಿಳಿಯಲು ಉತಾರವನ್ನೂ ತೆರಿಗೆ ಪಾವತಿಯನ್ನೂ ಒಟ್ಟಿಗೆ ನೋಡಬೇಕು. ಒಂದನ್ನೇ ನೋಡಿದರೆ ಮೋಸವಾಗುತ್ತದೆ.

ಎಣಿಕೆ ಎರಡು ಹಂತ. 2026ರ ಏಪ್ರಿಲಿನಿಂದ ಸೆಪ್ಟೆಂಬರಿನೊಳಗೆ ಮನೆಪಟ್ಟಿ, 2027ರ ಫೆಬ್ರುವರಿಯಲ್ಲಿ ತಲೆಯೆಣಿಕೆ, ಮಾರ್ಚ್ 1ರ ಸೊನ್ನೆ ಗಂಟೆಗೆ ಲೆಕ್ಕ. ಈ ಸಲ ಮೊಬೈಲ್ ಆ್ಯಪಿನಲ್ಲಿ, ಜಾತಿಯ ಎಣಿಕೆಯೂ ಸೇರಿ. ಮನೆಪಟ್ಟಿಯಲ್ಲಿ ಕುಟುಂಬ ಎಂದರೆ ಒಂದೇ ಒಲೆಯಲ್ಲಿ ಉಣ್ಣುವವರು. ಹಳೇ ವಾಡೆಗಳಲ್ಲಿ ತಪ್ಪಾಗುವುದು ಇಲ್ಲಿ: ದಿಡ್ಡಿ ಬಾಗಿಲು ಒಂದೇ, ಒಳಗೆ ಅಣ್ಣತಮ್ಮಂದಿರದು ಮೂರು ಒಲೆ. ಬಾಗಿಲು ಎಣಿಸಿದರೆ ಒಂದು ಕುಟುಂಬ, ಒಲೆ ಎಣಿಸಿದರೆ ಮೂರು, ಸರಿಯಾದದ್ದು ಮೂರು. ಕೀಲಿ ಹಾಕಿದ ಮನೆಯೂ ಪಟ್ಟಿಗೆ ಬರಬೇಕು.

ಫೆಬ್ರುವರಿಯ ತೊಂದರೆ ಬೇರೆ. ಆಗ ಕಡಲೆ ಕೀಳುವ, ಜೋಳದ ಕೊಯ್ಲಿಗೆ ಅಣಿಯಾಗುವ ಕಾಲ. ಹತ್ತು ಗಂಟೆಗೆ ಓಣಿಗೆ ಹೋದರೆ ಅಜ್ಜಿಯರು ಮತ್ತು ಕೀಲಿ, ಎರಡೇ ಸಿಗುತ್ತವೆ. ಬೆಳಿಗ್ಗೆ ಎಂಟರ ಒಳಗೆ ಅಥವಾ ದೀಪ ಹಚ್ಚುವ ಹೊತ್ತಿಗೆ ಹೋಗಬೇಕು. ದುಡಿಯಲು ಗೋವಾಕ್ಕೆ, ಮಂಗಳೂರಿಗೆ ಹೋದವರ ಬಗ್ಗೆ ಹಿಂದಿನ ಎಣಿಕೆಗಳ ನಿಯಮ ಸ್ಪಷ್ಟ: ಎಣಿಕೆಯ ದಿನಗಳಲ್ಲಿ ಸ್ವಲ್ಪ ದಿನವಾದರೂ ಮನೆಯಲ್ಲಿದ್ದರೆ ಇಲ್ಲಿಯ ಲೆಕ್ಕ, ಅಷ್ಟೂ ದಿನ ಹೊರಗಿದ್ದರೆ ಇದ್ದಲ್ಲಿಯ ಲೆಕ್ಕ. ಜನವರಿಯಲ್ಲಿ ಹೋಗಿ ಯುಗಾದಿಗೆ ಬರುವ ಮಗನನ್ನು ಅವ್ವ ಇಲ್ಲಿ ಬರೆಸುತ್ತಾಳೆ, ಅಲ್ಲಿಯ ಶೆಡ್ಡಿನಲ್ಲಿ ಮೇಸ್ತ್ರಿಯೂ ಬರೆಸುತ್ತಾನೆ. ಇಲ್ಲವೇ ಇಬ್ಬರೂ ಬಿಡುತ್ತಾರೆ. ಹೊರಗಿರುವವರಿಗೆ ಈಗಲೇ ಫೋನಿನಲ್ಲಿ ಹೇಳಿಡಬೇಕು. ಬಂಡೆಯ ಕೆಳಗೆ ಹಗೇವು ಇರುವ ಮನೆಯವರು ಮನೆಪಟ್ಟಿಯವರು ಬರುವ ಮೊದಲೇ, ಈ ಬೇಸಿಗೆಯ ಒಣ ನೆಲದಲ್ಲಿ, ಅದನ್ನು ತುಂಬಿಸಿಕೊಳ್ಳಲಿ. ಮಳೆ ಶುರುವಾದ ಮೇಲೆ ಒಣ ಗರಸು ಸಿಗುವುದಿಲ್ಲ.