ಎಣ್ಣೆ ಸೋಕಬಾರದ ಯಂತ್ರ

ಬೆಂಗಳೂರಿನ ದಂಡು ಪ್ರದೇಶದ ಚರ್ಚೊಂದರ ಸಭಾಂಗಣದಲ್ಲಿರುವ ಹಳೆಯ ಗ್ರ್ಯಾಂಡ್ ಪಿಯಾನೊದ ಕೀಗಳು ಬಿಗಿಯಾಗಿವೆ, ನುಡಿಸಿದರೆ ಬೆರಳು ನೋಯುತ್ತದೆ ಎಂಬ ದೂರು ಬಂದಾಗ, ನನಗೆ ಕೆಲಸ ಕಲಿಸುತ್ತಿದ್ದ ಹಿರಿಯ ಟೆಕ್ನೀಷಿಯನ್ನರ ಜೊತೆ ನಾನೂ ಹೋದೆ. ಜಡಿಮಳೆಯ ಆಷಾಢ ಅದು.

ಅವರು ಮೊದಲು ತೂಕ ನೋಡಿದರು. ಬಲಗಡೆಯ ಪೆಡಲನ್ನು ಒತ್ತಿ, ತಂತಿಯ ನಾದ ತಡೆಯುವ ಡ್ಯಾಂಪರುಗಳನ್ನು ಎತ್ತಿಹಿಡಿದು, ನಡುವಿನ ಸಿ ಕೀಯ ತುದಿಯ ಮೇಲೆ ಪುಟ್ಟ ಬಟ್ಟುಗಳನ್ನು ಇಡುತ್ತ ಹೋದಾಗ, ಕೀ ನಿಧಾನವಾಗಿ ಇಳಿಯಲು 64 ಗ್ರಾಂ ಬೇಕಾಯಿತು. ಇಳಿದ ಕೀ ತಾನಾಗಿ ಮೇಲೆತ್ತಿದ್ದು 22 ಗ್ರಾಂ ಮಾತ್ರ. ಇವೆರಡರ ವ್ಯತ್ಯಾಸದ ಅರ್ಧ, ಅಂದರೆ 21 ಗ್ರಾಂ, ಬರಿಯ ಘರ್ಷಣೆ. ಈ ಭಾಗದ ಕೀಗಳಲ್ಲಿ ಅದು 12ರಿಂದ 15 ಗ್ರಾಂ ಇದ್ದರೆ ಸರಿ.

ಕೀಗಳಿಗೆ ಕೈ ತಗುಲದಂತೆ ಆ್ಯಕ್ಷನ್ನನ್ನು, ಅಂದರೆ ಕೀಯ ಒತ್ತನ್ನು ತಂತಿಗೆ ಮುಟ್ಟಿಸುವ ಇಡೀ ಯಂತ್ರವನ್ನು, ಹೊರಗೆಳೆದೆವು. ಎಳೆಯುವಾಗ ಒಂದು ಕೀ ಒತ್ತಿದರೂ ತಂತಿಗೆ ಬಡಿಯುವ ಅದರ ಹ್ಯಾಮರ್ ಎದ್ದು, ಮೇಲಿನ ಹಲಗೆಗೆ ಸಿಕ್ಕಿ ಮುರಿಯುತ್ತದೆ. ಒಳಗೆ ಯಾರೋ ಹಿಂದೊಮ್ಮೆ ಯಂತ್ರದ ಎಣ್ಣೆ ಸಿಂಪಡಿಸಿದ ಗುರುತಿತ್ತು. ಎಣ್ಣೆ ಮರ ಮತ್ತು ಫೆಲ್ಟ್ ಎಂಬ ಒತ್ತಿದ ಉಣ್ಣೆಯೊಳಗೆ ಇಳಿದು, ಧೂಳನ್ನು ಹಿಡಿದು, ಕೊನೆಗೆ ಅಂಟಾಗಿಬಿಡುತ್ತದೆ. "ಪಿಯಾನೊಗೆ ಎಣ್ಣೆ ಬಿಟ್ಟವರ ಮನೆಗೆ ನಾನು ಎರಡು ಸಲ ಹೋಗಬೇಕಾಗುತ್ತೆ ನೋಡಪ್ಪ," ಎಂದರು ಗುರುಗಳು. ಅವರ ಸಿಟ್ಟು ನ್ಯಾಯವಾದದ್ದೇ.

ಎಣ್ಣೆಯ ಬದಲು ಇಲ್ಲಿ ಬಳಸುವುದು ಪೆನ್ಸಿಲಿನ ಕಡ್ಡಿಯಲ್ಲಿರುವ ಕಪ್ಪು ಇಂಗಾಲ, ಗ್ರಾಫೈಟ್. ಅದು ಬೇಕಾಗುವ ಜಾಗಗಳು ಕೆಲವೇ. ಸೆಬಾಸ್ಟಿಯನ್ ಎರಾರ್ ರೂಪಿಸಿದ, 1821ರಲ್ಲಿ ಪೇಟೆಂಟ್ ಆದ ವ್ಯವಸ್ಥೆಯಿಂದ ಬೆಳೆದುಬಂದ ಇಂದಿನ ಗ್ರ್ಯಾಂಡ್ ಆ್ಯಕ್ಷನ್ನಿನಲ್ಲಿ, ಹ್ಯಾಮರಿನ ಹಿಡಿಯ ಕೆಳಗೆ ಚರ್ಮ ಸುತ್ತಿದ ಒಂದು ಉರುಳೆಯಿರುತ್ತದೆ. ಜಾಕ್ ಎಂಬ ಮರದ ತುಂಡು ಅದನ್ನು ಮೇಲಕ್ಕೆ ತಳ್ಳಿ, ಹ್ಯಾಮರ್ ತಂತಿಗೆ ಒಂದೆರಡು ಮಿಲಿಮೀಟರ್ ದೂರದಲ್ಲಿರುವಾಗ ಜಾರಿ ಪಕ್ಕಕ್ಕೆ ಸರಿಯುತ್ತದೆ. ಆ ಜಾಕಿನ ನೆತ್ತಿ, ಕೀ ಪೂರ್ತಿ ಮೇಲೇಳುವ ಮೊದಲೇ ಮತ್ತೆ ನುಡಿಸಲು ನೆರವಾಗುವ ಪಕ್ಕದ ರೆಪಿಟಿಷನ್ ಲಿವರಿನ ಮೇಲ್ಮೈ, ಸ್ಪ್ರಿಂಗ್ ಓಡಾಡುವ ತೋಡು, ಇಷ್ಟಕ್ಕೇ ಕಪ್ಪು ಲೇಪ. ನಮ್ಮ ಪಿಯಾನೊದಲ್ಲಿ ಹಳೆಯ ಲೇಪ ಸವೆದು ಬರಿಮರ ಕಾಣುತ್ತಿತ್ತು. ಕೀಯನ್ನು ಮೆಲ್ಲಗೆ ಒತ್ತಿದರೆ ಕೊನೆಯಲ್ಲಿ ಮರಳು ಸಿಕ್ಕಿದಂತೆ ಗರಗರ ಎನ್ನುತ್ತಿತ್ತು.

ಆಲ್ಕೋಹಾಲಿನಲ್ಲಿ ಕದಡಿದ ನುಣ್ಣನೆಯ ಗ್ರಾಫೈಟನ್ನು ಸಣ್ಣ ಕುಂಚದಿಂದ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಬಟ್ಟೆಯಿಂದ ಹೊಳಪು ಬರುವ ತನಕ ತಿಕ್ಕುವುದು ನನ್ನ ಪಾಲಿಗೆ ಬಂತು. 88 ಜಾಕುಗಳು ಮುಗಿಯುವಷ್ಟರಲ್ಲಿ ಬೆರಳಿನ ಗೆರೆಗಳೆಲ್ಲ ಕಪ್ಪಾಗಿದ್ದವು. ತಿಕ್ಕದೆ ಬಿಟ್ಟ ಪುಡಿ ಉದುರಿ ಫೆಲ್ಟನ್ನು ಕೊಳೆ ಮಾಡುತ್ತದೆ, ಆದ್ದರಿಂದ ಹಚ್ಚುವುದಕ್ಕಿಂತ ತಿಕ್ಕುವುದೇ ಹೆಚ್ಚಿನ ಕೆಲಸ. ಹ್ಯಾಮರುಗಳು ತಿರುಗುವ ಸಣ್ಣ ಪಿನ್ನುಗಳ ಸುತ್ತಲಿನ ಫೆಲ್ಟ್ ಒಳಪದರದ, ಅಂದರೆ ಬುಶಿಂಗಿನ, ಹತ್ತಿರ ಮಾತ್ರ ಕುಂಚ ಸುಳಿಯಕೂಡದು. ಉರುಳೆಯ ಚರ್ಮಕ್ಕೂ ಗ್ರಾಫೈಟ್ ಬೇಡವೆಂದು ಗುರುಗಳ ಹಟ. ಅಲ್ಲಿಗೆ ಅವರು ಬಳಸುವುದು ಟೆಫ್ಲಾನಿನ ಬಿಳಿ ಪುಡಿ. ಈಚಿನ ಕೆಲವರು ಮರಕ್ಕೂ ಅದನ್ನೇ ಹಚ್ಚುತ್ತಾರೆ. ನನಗೆ ಗ್ರಾಫೈಟೇ ಮೇಲೆನಿಸುತ್ತದೆ, ಸವೆದದ್ದು ಕಣ್ಣಿಗೆ ಕಾಣುತ್ತದಲ್ಲ.

ಮಳೆಗಾಲ ಪಿಯಾನೊಗೆ ಶತ್ರು ಎನ್ನುತ್ತಾರೆ. ಬುಶಿಂಗ್ ಉಬ್ಬಿ ಕೀ ಸಿಕ್ಕಿಕೊಳ್ಳುವುದನ್ನು ಕಂಡವರಿಗೆ ಅದು ನಿಜವೇ. ಆದರೆ ಗ್ರಾಫೈಟಿನ ಇಂಗಾಲದ ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರಲು ಗಾಳಿಯ ತೇವ ಬೇಕೇ ಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಹು ಎತ್ತರಕ್ಕೆ ಏರಿದ ವಿಮಾನಗಳ ಜನರೇಟರುಗಳಲ್ಲಿ, ತಿರುಗುವ ಭಾಗಕ್ಕೆ ಒರಸಿ ವಿದ್ಯುತ್ ಸಾಗಿಸುವ ಇಂಗಾಲದ ಬ್ರಶ್ಶುಗಳು ಬೇಗನೆ ಪುಡಿಯಾದದ್ದು ಅಲ್ಲಿನ ಒಣಗಾಳಿಯಿಂದಲೇ. ನಮ್ಮ ಆಷಾಢದಲ್ಲಿ ಆ ಭಯವಿಲ್ಲ.

ಕೀಗಳು ಕೂತಿರುವ ಲೋಹದ ಪಿನ್ನುಗಳನ್ನು ಒರೆಸಿ ಹೊಳಪಿಸಿ ಎಲ್ಲವನ್ನೂ ಜೋಡಿಸಿದ ಮೇಲೆ ಅದೇ ಸಿ ಕೀ 55 ಗ್ರಾಮಿಗೆ ಇಳಿದು 31 ಗ್ರಾಂ ಎತ್ತಿತು. ಘರ್ಷಣೆ 12ಕ್ಕೆ ಬಂದಿತ್ತು. ಈ ಇಳಿಕೆಯಲ್ಲಿ ಹೆಚ್ಚಿನ ಪಾಲು ಪಿನ್ನುಗಳ ಶುದ್ಧಿಯದು. ಗ್ರಾಫೈಟಿನ ಗುಣ ಬಟ್ಟಿನ ಲೆಕ್ಕಕ್ಕೆ ಪೂರ್ತಿ ಸಿಗುವುದಿಲ್ಲ. ಜಾಕ್ ಜಾರುವ ಆ ಕೊನೆಯ ಗಳಿಗೆಯಲ್ಲಿ ಗರಗರ ಹೋಗಿ ಬೆರಳಿಗೆ ನುಣುಪು ಹತ್ತಿದ್ದರಲ್ಲಿ ಅದು ತಿಳಿಯಿತು.

ಸಭಾಂಗಣ ನೋಡಿಕೊಳ್ಳುವವರು ಖುಷಿಯಿಂದ, "ಶ್ರುತಿ ಮಾಡುವ ಪಿನ್ನುಗಳೂ ತುಂಬಾ ಬಿಗಿ ಸರ್, ಅವಕ್ಕೂ ಇದನ್ನೇ ಸ್ವಲ್ಪ ಹಚ್ಚಿಬಿಡಿ," ಎಂದರು. ಒಟ್ಟು 18ರಿಂದ 20 ಟನ್ನಿನಷ್ಟು ಎಳೆತವಿರುವ ತಂತಿಗಳನ್ನು ಹಿಡಿದಿರುವುದು ಆ ಪಿನ್ನು ಮತ್ತು ಮರದ ನಡುವಿನ ಘರ್ಷಣೆಯೇ ಎಂದು ಗುರುಗಳು ತಾಳ್ಮೆಯಿಂದ ವಿವರಿಸಿ, ಸೀಸೆಯನ್ನು ಚೀಲಕ್ಕೆ ಹಾಕಿ, ಶ್ರುತಿಯ ಕೀಲಿಯನ್ನು ಹೊರತೆಗೆದರು.