ವೈಫೈ ಇಲ್ಲದ ಲಿನಕ್ಸ್

ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ ಕಂಪ್ಯೂಟರಿಗೆ ಇವತ್ತು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದೆ. ಗೆಳೆಯರು ಕೊಟ್ಟ ಪೆನ್‌ಡ್ರೈವ್‌ನಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 11 ಇತ್ತು. ಪರದೆ ಬಂತು, ಧ್ವನಿ ಬಂತು. ವೈಫೈ ಬರಲಿಲ್ಲ.

ಲಿನಕ್ಸ್ ತನ್ನ ಕೆಲಸವನ್ನು ಬರೆದಿಡುವ ಕರ್ನಲ್ ಲಾಗ್ ತೆರೆದು ಓದಿದೆ. ಫರ್ಮ್‌ವೇರ್ ಕಡತ ಸಿಗಲಿಲ್ಲ ಎಂದಿತ್ತು.

ವೈಫೈ ಕಾರ್ಡ್ ಇದೆ, ಅದನ್ನು ನಡೆಸುವ ಡ್ರೈವರ್ ಇದೆ, ಕಾರ್ಡಿನೊಳಗೆ ಓಡಬೇಕಾದ ಫರ್ಮ್‌ವೇರ್ ಎಂಬ ಪುಟ್ಟ ಕಡತ ಇಲ್ಲ. ಅದನ್ನು ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು. ಇಂಟರ್ನೆಟ್ ಬರಲು ಅದೇ ಕಡತ ಬೇಕು!

ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಮೊಬೈಲಿನ ಇಂಟರ್ನೆಟ್ ಹಂಚುವ ಟೆದರಿಂಗ್ ಒತ್ತಿದೆ. ಲಿನಕ್ಸ್ ಅದನ್ನು ಕೇಬಲ್ ನೆಟ್‌ವರ್ಕ್ ಎಂದೇ ತಿಳಿದು ಒಪ್ಪಿಕೊಂಡಿತು. ಸಾಫ್ಟ್‌ವೇರ್ ಪಟ್ಟಿಗೆ ಮುಕ್ತವಲ್ಲದ ತಂತ್ರಾಂಶಗಳಿರುವ 'ನಾನ್-ಫ್ರೀ' ವಿಭಾಗ ಸೇರಿಸಿ ಫರ್ಮ್‌ವೇರ್ ಪ್ಯಾಕೇಜ್ ಹಾಕಿದೆ. ಕಂಪ್ಯೂಟರ್ ಮತ್ತೆ ಶುರುವಾದಾಗ ಅಕ್ಕಪಕ್ಕದ ಮನೆಗಳ ವೈಫೈ ಹೆಸರುಗಳೆಲ್ಲ ಸಾಲಾಗಿ ಕಾಣಿಸಿದವು. ಎಷ್ಟು ಖುಷಿಯಾಯಿತು!

ಮೂಲ ಸಂಕೇತ ತೆರೆದಿಡದ ಈ ಫರ್ಮ್‌ವೇರ್‌ಗಳನ್ನು ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಸೇರಿಸಲು ಡೆಬಿಯನ್ ಬಳಗ 2022ರಲ್ಲಿ ಮತ ಹಾಕಿ ನಿರ್ಧರಿಸಿತು. ಮುಕ್ತ ತಂತ್ರಾಂಶದ ತತ್ವಕ್ಕೆ ಇದು ಪೆಟ್ಟು ಎಂದವರ ನೋವು ನನಗೆ ಅರ್ಥವಾಗುತ್ತದೆ. ಆದರೂ ನಿರ್ಧಾರ ಸರಿ ಎಂದೇ ಅನಿಸುತ್ತದೆ. ನೆಟ್ ಇಲ್ಲದೆ ಕುಳಿತ ಹೊಸಬರು ಸಹಾಯವನ್ನಾದರೂ ಎಲ್ಲಿ ಕೇಳಬೇಕು?

ಹೊಸದಾಗಿ ಹಾಕುವವರು ಈ ಫರ್ಮ್‌ವೇರ್‌ಗಳು ಸೇರಿರುವ 2023ರ ಡೆಬಿಯನ್ 12 ಅಥವಾ ಅದರ ನಂತರದ್ದನ್ನೇ ಇಳಿಸಿಕೊಳ್ಳಿ. ಯುಎಸ್‌ಬಿ ಕೇಬಲ್ ಕೈಗೆ ಸಿಗುವಂತಿರಲಿ.