ಬಾಗಿಲಿಲ್ಲದ ನಿಲ್ದಾಣಗಳು

ಬೀಜಿಂಗ್ ಮೆಟ್ರೋದ ಎರಡನೇ ಲೈನ್ ಹಳೇ ಊರಿನ ಸುತ್ತ ಬಳೆಯ ಹಾಗೆ ಓಡುತ್ತದೆ. ಒಟ್ಟು 18 ನಿಲ್ದಾಣ. ಹನ್ನೊಂದರ ಹೆಸರು 'ಮೆನ್' ಎಂದು ಮುಗಿಯುತ್ತದೆ. ಚೀನೀ ಭಾಷೆಯಲ್ಲಿ ಮೆನ್ ಅಂದರೆ ಬಾಗಿಲು. ಶೀಜಿಮೆನ್, ಚಾವೊಯಾಂಗ್‌ಮೆನ್, ಚೊಂಗ್‌ವೆನ್‌ಮೆನ್. ಮೇಲೆ ಹತ್ತಿ ಬಂದು ಹುಡುಕಿದರೆ ರಸ್ತೆ, ಬಸ್ಸು, ಎತ್ತರದ ಕಟ್ಟಡ ಅಷ್ಟೆ. ಹಳೇ ಕೋಟೆಬಾಗಿಲು ನಿಂತಿರುವುದು ಚಿಯಾನ್‌ಮೆನ್‌ನಲ್ಲಿ ಮಾತ್ರ.

ಐದು ದಿನ ಇದ್ದೆವು. ಮಹಾಗೋಡೆ ಹತ್ತಿದೆವು, ಬಾತುಕೋಳಿ ತಿಂದೆವು (ನನಗೆ ಜಿಡ್ಡು ಜಾಸ್ತಿ ಅನ್ನಿಸಿತು). ಬರೆಯಬೇಕು ಅನ್ನಿಸಿದ್ದು ಒಂದು ಸೋಮವಾರದ ಬಗ್ಗೆ.

ಅವತ್ತು ಚಕ್ರವರ್ತಿಗಳ ಹಳೇ ಅರಮನೆ (ಫರ್ಬಿಡನ್ ಸಿಟಿ) ನೋಡಬೇಕಿತ್ತು. ಸೋಮವಾರ ಅರಮನೆಗೆ ರಜೆ ಅನ್ನುವುದು ನಮ್ಮ ಬೆಂಗಳೂರಿನ ಏಜೆಂಟ್‌ಗೆ ಗೊತ್ತೇ ಇರಲಿಲ್ಲ. ಟಿಕೆಟ್ ಅಲ್ಲೇ ಸಿಗುತ್ತೆ ಅಂತ ಬೇರೆ ಹೇಳಿದ್ದರು. ನೀವು ಹೋಗುವುದಾದರೆ ಪಾಸ್‌ಪೋರ್ಟ್ ನಂಬರ್ ಕೊಟ್ಟು ಮೊದಲೇ ಬುಕ್ ಮಾಡಿ. ಬೆಳಗ್ಗೆಯೆಲ್ಲ ಹಾಳಾಯಿತಲ್ಲ ಅನ್ನುವ ಬೇಜಾರು ಇನ್ನೂ ಹೋಗಿಲ್ಲ.

ನಮ್ಮ ಗೈಡ್ ಹುಡುಗಿ ಪಾಪ, ಆ ಮಧ್ಯಾಹ್ನ ಉಳಿದ ಕೋಟೆಗೋಡೆ ತೋರಿಸುತ್ತೇನೆ ಬನ್ನಿ ಅಂದಳು. ರೈಲ್ವೆ ಸ್ಟೇಷನ್ ಪಕ್ಕದಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಗೋಡೆ, ಮಿಂಗ್ ರಾಜರ ಕಾಲದ್ದು. ಆಗ್ನೇಯ ಮೂಲೆಯಲ್ಲಿ ದೊಡ್ಡ ಕೊತ್ತಳ. ಗೋಡೆಯ ಉದ್ದಕ್ಕೂ ಹುಲ್ಲು, ಮರಗಳು, ಬೆಂಚುಗಳು. ಒಂದು ಬೆಂಚಿನ ಮೇಲೆ ಒಬ್ಬ ಹಿರಿಯರು ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ನಿವೃತ್ತ ಮೇಷ್ಟ್ರು. ಹುಡುಗಿ ಅವರನ್ನು 'ತಾತ' ಎಂದು ಕರೆದು ಮಾತಿಗೆಳೆದಳು. ನಾವು ಇಂಡಿಯಾದವರು ಅಂದ ತಕ್ಷಣ, "ಲಿನ್ ಹುಯಿಯಿನ್ ಗೊತ್ತಾ? 1924ರಲ್ಲಿ ಟಾಗೋರರು ಇಲ್ಲಿಗೆ ಬಂದಾಗ ಜೊತೆಗಿದ್ದ ಹುಡುಗಿ" ಅಂದರು. ನನಗೆ ಗೊತ್ತಿರಲಿಲ್ಲ. ಅಲ್ಲಿಂದ ಎರಡು ಗಂಟೆ ನಾವು ಏಳಲೇ ಇಲ್ಲ.

ಲಿನ್ ಮತ್ತು ಅವರ ಗಂಡ ಲಿಯಾಂಗ್ ಸಿಚೆಂಗ್ ಇಬ್ಬರೂ ಅಮೆರಿಕದಲ್ಲಿ ಓದಿ ಬಂದ ವಾಸ್ತುಶಿಲ್ಪಿಗಳು. ಹೇಸರಗತ್ತೆ ಏರಿ ಹಳ್ಳಿ ಹಳ್ಳಿ ಸುತ್ತಿ ಹಳೇ ದೇಗುಲಗಳನ್ನು ಅಳೆದವರು. 1937ರಲ್ಲಿ ವುತಾಯ್ ಬೆಟ್ಟದ ಹತ್ತಿರ, 857ರಲ್ಲಿ ಕಟ್ಟಿದ ಮರದ ಗುಡಿಯೊಂದನ್ನು ಕಂಡುಹಿಡಿದರು. ತೊಲೆಯ ಮೇಲಿನ ಮಾಸಿದ ಅಕ್ಷರಗಳನ್ನು ಮೊದಲು ಗುರುತಿಸಿದ್ದು ಲಿನ್ ಅವರ ಕಣ್ಣು.

1948ರ ಡಿಸೆಂಬರ್. ಕಮ್ಯುನಿಸ್ಟ್ ಸೈನ್ಯ ಊರನ್ನು ಮುತ್ತಿದೆ. ಸೈನ್ಯದವರು ಒಂದು ನಕ್ಷೆ ಹಿಡಿದು ಲಿಯಾಂಗ್ ಮನೆಗೆ ಬರುತ್ತಾರೆ. ಯಾವ ಯಾವ ಕಟ್ಟಡಕ್ಕೆ ಗುಂಡು ಬೀಳಬಾರದು, ಗುರುತು ಹಾಕಿಕೊಡಿ ಅನ್ನುತ್ತಾರೆ.

ಇದನ್ನು ಹೇಳುವಾಗ ತಾತ ತಮ್ಮ ಅಂಗೈ ಮೇಲೆ ಬೆರಳಿಂದ ಚುಕ್ಕೆ ಇಟ್ಟು ತೋರಿಸಿದರು. "ಫಿರಂಗಿ ಇಟ್ಟುಕೊಂಡವರು ಬಂದು ಹೀಗೆ ಕೇಳಿದರೆ ನೀವು ಅವರನ್ನು ನಂಬಲ್ವಾ?"

ಗಂಡ ಹೆಂಡತಿ ನಂಬಿದರು, ಮನಸಾರೆ ದುಡಿದರು. ಹೊಸ ದೇಶದ ಲಾಂಛನ ರೂಪಿಸಿದ ತಂಡದಲ್ಲಿ ಇಬ್ಬರೂ ಇದ್ದರು. ಹಳೇ ಊರನ್ನು ಹಾಗೇ ಬಿಡಿ, ಸರ್ಕಾರದ ಕಚೇರಿಗಳನ್ನು ಪಶ್ಚಿಮಕ್ಕೆ ಹೊಸದಾಗಿ ಕಟ್ಟಿ ಎಂದು 1950ರಲ್ಲಿ ಲಿಯಾಂಗ್ ಮತ್ತು ನಗರಯೋಜಕ ಚೆನ್ ಝಾನ್‌ಶಿಯಾಂಗ್ ಯೋಜನೆ ಬರೆದುಕೊಟ್ಟರು. ಗೋಡೆಯ ಮೇಲೆ ಜನ ಓಡಾಡುವ ಉದ್ಯಾನ ಮಾಡಿ ಎಂದೂ ಲಿಯಾಂಗ್ ಕೇಳಿಕೊಂಡರು. ಯಾವುದೂ ನಡೆಯಲಿಲ್ಲ, ಕೋಟೆ ಕೆಡವುತ್ತಾ ಹೋದರು. ಬಾಗಿಲು ಕೆಡವಿದರೆ ನನ್ನ ಮಾಂಸ ಕೊಯ್ದ ಹಾಗೆ, ಇಟ್ಟಿಗೆ ಕಿತ್ತರೆ ಚರ್ಮ ಸುಲಿದ ಹಾಗೆ ಎಂದರು ಲಿಯಾಂಗ್. 1965ರಲ್ಲಿ ಮೆಟ್ರೋ ಕೆಲಸ ಶುರುವಾಯಿತು, ಉಳಿದಿದ್ದೂ ಉರುಳಿತು. ಬೆಳಗ್ಗೆ ನಾವು ಕೂತು ಬಂದ ರೈಲು ಓಡುವುದು ಅದೇ ಗೋಡೆಯ ಜಾಡಿನಲ್ಲಿ.

"ಅವರಿಗೆ ಸಿಟ್ಟು ಬರಲಿಲ್ವಾ?" ಅಂತ ಕೇಳಿದೆ.

ತಾತ ಅದಕ್ಕೆ ಉತ್ತರ ಕೊಡಲಿಲ್ಲ. ತಮ್ಮ ಕಥೆ ಹೇಳಿದರು. "ನನಗೆ ಹನ್ನೆರಡು ವರ್ಷ. ಗೋಡೆ ಕೀಳುವಾಗ ನಾವು ಹುಡುಗರೆಲ್ಲ ಹಾಡು ಹೇಳುತ್ತಾ ಇಟ್ಟಿಗೆ ಹೊತ್ತೆವು. ಹೊಸ ದೇಶ ಕಟ್ಟುತ್ತಿದ್ದೇವೆ ಅಂತ ಎಷ್ಟು ಖುಷಿ! ಅದು ಸುಳ್ಳು ಖುಷಿ ಅಂತ ಈಗಲೂ ಹೇಳಲಾರೆ. ಆರು ಇಟ್ಟಿಗೆ ಮನೆಗೆ ತಂದೆ. ಅಮ್ಮ ಅದರ ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟಿದ್ದಳು."

1990ರ ದಶಕದಲ್ಲಿ, ಉಳಿದ ಗೋಡೆ ರಿಪೇರಿಗೆ ಹಳೇ ಇಟ್ಟಿಗೆ ಇದ್ದರೆ ತಂದುಕೊಡಿ ಎಂದು ಜನರಲ್ಲಿ ಕೇಳಿಕೊಂಡರಂತೆ. ಊರೆಲ್ಲ ಮನೆ ಮೂಲೆ, ಕೋಳಿಗೂಡು ತಡಕಾಡಿ ತಂದುಕೊಟ್ಟಿತು. ತಾತ ತಮ್ಮ ಆರನ್ನೂ ಮೂರು ಚಕ್ರದ ಗಾಡಿಯಲ್ಲಿ ಹೇರಿಕೊಂಡು ಬಂದರು. "ಯಾವುದು ಎಲ್ಲಿ ಕೂತಿದೆ ಅಂತ ಗೊತ್ತಿಲ್ಲ. ಸುಮ್ನೆ ಬಂದು ಕೂರುತ್ತೇನೆ."

ಮಾರನೇ ದಿನ ಶಾಪಿಂಗ್ ಬಿಟ್ಟು ಬಾಬಾವೊಶಾನ್ ಸ್ಮಶಾನಕ್ಕೆ ಹೋದೆವು. ಲಿನ್ ಕ್ಷಯದಿಂದ 1955ರಲ್ಲಿ, ಐವತ್ತನೇ ವಯಸ್ಸಿಗೆ ತೀರಿಕೊಂಡರು. ಸಮಾಧಿಯ ವಿನ್ಯಾಸ ಲಿಯಾಂಗ್ ಅವರದ್ದು. ತಿಯಾನನ್‌ಮೆನ್ ಚೌಕದ ಹುತಾತ್ಮರ ಸ್ತಂಭಕ್ಕಾಗಿ ಲಿನ್ ಬರೆದ ಹೂಮಾಲೆಯನ್ನು ಮಾದರಿಗೆಂದು ಒಂದು ಕಲ್ಲಿನಲ್ಲಿ ಕೆತ್ತಿದ್ದರು. ಅದೇ ಕಲ್ಲನ್ನು ಇಲ್ಲಿ ಇಟ್ಟಿದ್ದಾರೆ. ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯ ಹೊತ್ತಿಗೆ ಲಿನ್ ಹೆಸರಿನ ಅಕ್ಷರಗಳನ್ನು ಒಡೆದು ಹಾಕಿದ್ದರಂತೆ. ಹೂಮಾಲೆ ಉಳಿದಿದೆ. ಬಗ್ಗಿ ನೋಡಿದೆ, ಎಸಳುಗಳ ಸಂದಿಯಲ್ಲಿ ಧೂಳು ಕೂತಿತ್ತು. ನನ್ನ ಹೆಂಡತಿ ಸೆರಗಿನಿಂದ ಒರೆಸಿದಳು.